ಕೌದಿಯ ನಡುವಿನ ಹಸಿರು ತುಂಡು

ಹಳೆಯ ಬಟ್ಟೆಗೆ ಸ್ಟೀಲ್ ಭಾಂಡೆ ಕೊಡುವ ಹೆಂಗಸು ಕೊಪ್ಪಳದ ನಮ್ಮ ಓಣಿಗೆ ಬಂದಾಗಲೆಲ್ಲ ನಾನು ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂರುತ್ತೇನೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮೇಲೆ ನಂಬಿಕೆಯಿಲ್ಲ, ಅಷ್ಟೇ. ಒಂದು ಡಬರಿಯ ಆಸೆಗೆ ಯಾವುದೋ ಸೀರೆ ಕೊಟ್ಟುಬಿಟ್ಟು, ಅದು ಯಾರದಾಗಿತ್ತು ಎಂಬುದು ಆಮೇಲೆ ನೆನಪಾದರೆ ಏನು ಗತಿ? ಹಾಗಾಗಿ ಏನನ್ನೂ ಕೊಡುವುದಿಲ್ಲ. ನಮ್ಮ ಮನೆಯವರು ನನ್ನ ಕಪಾಟಿಗೆ ಟಿಕೀಟಿಲ್ಲದ ಮ್ಯೂಸಿಯಂ ಎಂದು ಹೆಸರಿಟ್ಟಿದ್ದಾರೆ.

ಈ ರೋಗ ತವರಿನಿಂದ ಬಂದದ್ದು. ಹನುಮಸಾಗರದ ನಮ್ಮ ಮನೆಯಲ್ಲಿ ಬಟ್ಟೆಗೆ ಸಾವು ಸುಲಭವಾಗಿ ಬರುತ್ತಿರಲಿಲ್ಲ. ಸೀರೆ ನಡುವೆ ಸವೆದರೆ ಸವೆದ ಭಾಗ ಕತ್ತರಿಸಿ ಎರಡು ತುದಿ ಕೂಡಿಸಿ ಹೊಲಿಯುತ್ತಿದ್ದರು. ಆಮೇಲೆ ಅದು ಹುಡುಗಿಯರ ಲಂಗವಾಗುತ್ತಿತ್ತು, ತೊಟ್ಟಿಲ ಜೋಲಿಯಾಗುತ್ತಿತ್ತು, ಕಡೆಗೆ ಚಿಂದಿ ಕೂಡಿಸಿ ಹೊಲಿದು ಹೊದೆಯುವ ಕೌದಿಯ ತುಂಡಾಗುತ್ತಿತ್ತು. ಕೌದಿಯೂ ಹರಿದರೆ ಇನ್ನೊಂದು ಕೌದಿಯ ಹೊಟ್ಟೆಯೊಳಗೆ ಸೇರುತ್ತಿತ್ತು. ಎಂಬತ್ನಾಲ್ಕು ಲಕ್ಷ ಜನ್ಮದ ಮಾತು ಜೀವಿಗಳಿಗೆ ಇರಲಿ, ನಮ್ಮ ಮನೆಯ ಸೀರೆ ಐದಾರು ಜನ್ಮಗಳಲ್ಲೇ ಮುಕ್ತಿ ಕಾಣುತ್ತಿತ್ತು. ಕೊಪ್ಪಳದ ಗುಡ್ಡದ ಬಂಡೆಗಳ ಮೇಲೆ ಶಾಸನ ಬರೆಸಿದ ಅಶೋಕನ ಕಾಲದಲ್ಲೂ ಭಿಕ್ಷುಗಳು ಬೀದಿಯ ಚಿಂದಿ ಆಯ್ದು, ತೊಳೆದು, ಹೊಲಿದು ಉಡುತ್ತಿದ್ದರು. ಬಂಡೆಯ ಮೇಲಿನದು ಉಳಿಯಿತು, ಚಿಂದಿ ಉಳಿಯಲಿಲ್ಲ. ಇತಿಹಾಸ ಓದಿ, ಅದನ್ನೇ ಕಲಿಸುವವಳಾದ ನನಗೆ ಇದು ಯಾವಾಗಲೂ ಸ್ವಲ್ಪ ಅನ್ಯಾಯವೆನಿಸಿದೆ.

ಇಷ್ಟೆಲ್ಲ ಪೀಠಿಕೆ ಹಾಕುತ್ತಿರುವುದು ಒಂದು ಹಸಿರು ತುಂಡಿಗಾಗಿ. ಅಂಗೈಯಗಲದ ಆ ತುಂಡು ಕಳೆದ ಚಳಿಗಾಲದಲ್ಲಿ ನನ್ನ ನೆಮ್ಮದಿಯನ್ನೆಲ್ಲ ತಿಂದಿತು.

ನನ್ನ ಅಕ್ಕನ ಮನೆ ಕುಷ್ಟಗಿಯಲ್ಲಿ. ಅವಳ ಮಗಳು ಶಿಲ್ಪಾ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಹಿಂದೆ ಒಂದು ಸಲ ಅವಳ ಬಸಿರು ಉಳಿದಿರಲಿಲ್ಲ. ಆದ್ದರಿಂದ ಈ ಸಲ ಮನೆಯಲ್ಲಿ ಎಲ್ಲರೂ ಗಾಜಿನ ಸಾಮಾನು ಹೊತ್ತವರಂತೆ ಹೆಜ್ಜೆ ಇಡುತ್ತಿದ್ದರು. ಯಾರೂ ಹುಟ್ಟಲಿರುವ ಕೂಸಿನ ಮಾತನ್ನು ನೇರವಾಗಿ ಆಡುತ್ತಿರಲಿಲ್ಲ. ಅಕ್ಕ ಮಾತಿನ ಬದಲು ಕೌದಿ ಹೊಲಿಯಲು ಕೂತಳು. ನಮ್ಮ ಕಡೆ ಎಳೆಗೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ. ತುಂಬಿ ಬಾಳಿದ ಹಿರಿಯರ ಮೆತ್ತನೆಯ ಹಳೆಯ ಬಟ್ಟೆ ಬೇಕು. ಬಟ್ಟೆಯ ಜೊತೆ ಅವರ ಆಯುಷ್ಯವೂ ಬರುತ್ತದೆಂದು ನಂಬಿಕೆ. ನಾನು ಇದನ್ನು ಮೆತ್ತನೆಯ ನೂಲಿನ ವಿಷಯ ಎಂದು ವಿದ್ಯಾರ್ಥಿಗಳಿಗೆ ವಿವರಿಸಿದ್ದೇನೆ. ಪಾಠ ಹೇಳುವಾಗ ನನಗೆ ಧೈರ್ಯ ಜಾಸ್ತಿ.

ಕೌದಿಯ ಹೊಲಿಗೆ ಅಂಚಿನಿಂದ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತದೆ. ನಾನು ಭಾನುವಾರ ಹೋದಾಗ ನಡುವಿನ ಹಸಿರು ತುಂಡಿನ ಮೂರು ಬದಿ ಹೊಲಿದಾಗಿತ್ತು, ಒಂದು ಬದಿ ಬಾಕಿಯಿತ್ತು. ಅದನ್ನು ನೋಡಿದ್ದೇ ನನ್ನ ಬಾಯಿಂದ ಮಾತು ಜಾರಿತು.

"ಅಕ್ಕಾ, ಇದು ದೊಡ್ಡವ್ವನ ಸೀರಿ ಅಲ್ಲೇನು?"

ಅಕ್ಕನ ಸೂಜಿ ನಿಂತಿತು. ದೊಡ್ಡವ್ವ ಎಂದರೆ ನಮ್ಮ ಅಪ್ಪನ ಅಣ್ಣನ ಹೆಂಡತಿ ಸೋಮವ್ವ. ಅವಳಿಗೆ ಹುಟ್ಟಿದ ಕೂಸುಗಳು ಒಂದೂ ಬದುಕಲಿಲ್ಲ. ಅಂಥವಳ ಸೀರೆ ಈ ಕೌದಿಯ ನಟ್ಟನಡುವೆ!

"ಅವ್ವಂದದು," ಎಂದಳು ಅಕ್ಕ. "ನಿನಗೇನು ನೆನಪೈತಿ? ನೀ ಆಗ ಮೂಗು ಒರಸ್ಕೋಂತ ಓಣ್ಯಾಗ ಅಡ್ಡಾಡತಿದ್ದಿ."

ಹೇಳಿದ್ದೇನೋ ಗಟ್ಟಿಯಾಗಿಯೇ. ಆದರೆ ಸೂಜಿ ಮತ್ತೆ ಮುಂದಕ್ಕೆ ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಗೆ ಬಂದು, ಅವ್ವಂದೇ ಹೌದಲ್ಲ ಎಂದು ನನ್ನನ್ನೇ ಕೇಳಿದಳು.

ಅಲ್ಲಿಂದ ನನ್ನ ವಿಚಾರಣೆ ಶುರುವಾಯಿತು. ನನಗೆ ನೆನಪಿರುವುದು ಸ್ಪಷ್ಟವಾಗಿತ್ತು: ಹಿತ್ತಿಲ ಬಾಗಿಲಲ್ಲಿ ದೊಡ್ಡವ್ವ ನಿಂತಿದ್ದಾಳೆ, ಹಸಿರು ಇಳಕಲ್ ಸೀರೆ, ಕೆಂಪು ಅಂಚು. ಕೊಪ್ಪಳಕ್ಕೆ ಬಂದವಳೇ ಸಾಕ್ಷಿಗೆ ಹಳೆಯ ಫೋಟೊ ಹುಡುಕಿದೆ. ಸಿಕ್ಕಿತು. ಅದೇ ಬಾಗಿಲು, ಅದೇ ನಿಲುವು. ಆದರೆ ಫೋಟೊ ಕಪ್ಪು ಬಿಳುಪಿನದು. ಹಾಗಾದರೆ ಹಸಿರು ಬಳಿದವರು ಯಾರು? ನಾನೇ ಇರಬೇಕು, ಯಾವಾಗಲೋ, ನನಗೇ ಗೊತ್ತಿಲ್ಲದೆ. ಆಕರಗಳನ್ನು ಕುರುಡಾಗಿ ನಂಬಬೇಡಿ ಎಂದು ವರ್ಷಗಟ್ಟಲೆ ಕಲಿಸಿದ ಬಾಯಿ ಆ ದಿನ ಪೂರ್ತಿ ಮುಚ್ಚಿಕೊಂಡಿತ್ತು.

ಇಷ್ಟಕ್ಕೂ ನಾನು ಇದನ್ನೆಲ್ಲ ನಂಬುತ್ತೇನೆಯೇ? ಇಲ್ಲ ಎಂದು ಹೇಳಿಕೊಂಡೆ. ಹೇಳಿಕೊಂಡ ಮೇಲೆ ಫೋನೆತ್ತಿ ಶಿಲ್ಪಾಳ ಆರೋಗ್ಯ ಕೇಳಿದೆ. ಕಾಲು ಸ್ವಲ್ಪ ಬಾತಿದೆ ಎಂದಳು. ತಟ್ಟನೆ ನನ್ನ ಕಣ್ಣ ಮುಂದೆ ಬಂದದ್ದು ಹಸಿರು ತುಂಡು. ನಂಬದಿರುವವರ ಕಷ್ಟ ಇದು: ನಂಬುವವರಿಗಾದರೆ ಪರಿಹಾರ ಇರುತ್ತದೆ, ನಮಗೆ ಬರೀ ಹೆದರಿಕೆ.

ಬಿಚ್ಚಿಬಿಡೋಣವೆಂದರೆ ಸುಲಭವಿತ್ತು. ಮೂರು ಬದಿಯ ದಾರ ಕತ್ತರಿಸಿದರೆ ತುಂಡು ಕೈಗೆ ಬರುತ್ತಿತ್ತು. ಆದರೆ ನಮಗೆ ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡು ಕೂತಿರುತ್ತಿದ್ದ ದೊಡ್ಡವ್ವನನ್ನು, ಅವಳು ಹೋದ ಇಷ್ಟು ವರ್ಷಕ್ಕೆ ಕತ್ತರಿ ಹಿಡಿದು ಹೊರಗೆ ಹಾಕಿದಂತಾಗುತ್ತಿತ್ತು. ಬಿಡೋಣವೆಂದರೆ, ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಅಕ್ಕ ಜೀವನಪೂರ್ತಿ ಆ ತುಂಡನ್ನೇ ಬೈದುಕೊಂಡಿರುತ್ತಿದ್ದಳು. ನನ್ನ ನಾಲಿಗೆಯನ್ನೂ ಬೈಯುತ್ತಿದ್ದಳು ಎನ್ನುವುದು ಬೇರೆ ಮಾತು.

ಮುಂದಿನ ಭಾನುವಾರ ಇಬ್ಬರೂ ಸೇರಿ ಯಲಬುರ್ಗಾದ ನೀಲವ್ವತ್ತೆಗೆ ಫೋನು ಹಚ್ಚಿದೆವು. ಅಪ್ಪನ ತಂಗಿ, ಆ ಕಾಲದವರಲ್ಲಿ ಉಳಿದವಳು ಅವಳೊಬ್ಬಳೇ. ಅವಳಿಗೆ ಕಿವಿ ಮಂದವಾದ್ದರಿಂದ ಅಕ್ಕ ನಡುಮನೆಯಲ್ಲಿ ಕೂತು ಓಣಿಗೆಲ್ಲ ಕೇಳುವಂತೆ ವಿಚಾರಿಸಿದಳು. ಅತ್ತೆ ಮೊದಲು ಮಳೆ, ಬೆಳೆ, ತನ್ನ ಹಲ್ಲಿನ ಸುದ್ದಿ ಎಲ್ಲ ಮುಗಿಸಿ ಆಮೇಲೆ ಸೀರೆಗೆ ಬಂದಳು.

"ಇಬ್ಬರದೂ ಹೌದವಾ ಅದು. ಜಗಳ ಆಗಬಾರದಂತ ನಿಮ್ಮಪ್ಪ ಇಬ್ಬರಿಗೂ ಒಂದೇ ನಮೂನಿ ಸೀರಿ ತಂದಿದ್ದ. ಎರಡೂ ನಡುವ ಹರದ್ವು. ಆಕೀದು ಅರ್ಧ, ಈಕೀದು ಅರ್ಧ ಕೂಡಿಸಿ ಹೊಲದ್ರು. ಯಾರು ಊರಿಗೆ ಹೊಂಟ್ರ ಅವರು ಉಡೋರು."

ಅಂದರೆ ಅಕ್ಕನೂ ಸರಿ, ನಾನೂ ಸರಿ. ಆದರೆ ಈ ತುಂಡು ಯಾವ ಅರ್ಧದ್ದು? ಅದನ್ನು ಹೇಳಲು ಯಾವ ಅತ್ತೆಗೂ ಸಾಧ್ಯವಿರಲಿಲ್ಲ. ಫೋನು ಇಟ್ಟು ತಿರುಗಿದೆವು.

ಹೊಸ್ತಿಲ ಬಳಿ ಶಿಲ್ಪಾ ನಿಂತಿದ್ದಳು. ಅವಳಿಗೆ ತಿಳಿಯಬಾರದೆಂದು ಮಾಡಿದ ಗುಟ್ಟು ಓಣಿಗೇ ತಿಳಿದ ಮೇಲೆ ಅವಳಿಗೆ ತಿಳಿಯದೇ ಇರುತ್ತದೆಯೇ? ಅಕ್ಕ ಕೌದಿಯನ್ನು ಸೆರಗಿನಿಂದ ಮುಚ್ಚಲು ನೋಡಿದಳು. ಶಿಲ್ಪಾ ಸೊಂಟ ಹಿಡಿದುಕೊಂಡು ನಿಧಾನವಾಗಿ ಕೂತು, ನನ್ನನ್ನು ಕೇಳಿದಳು.

"ಚಿಗವ್ವಾ, ಆ ದೊಡ್ಡವ್ವಗ ಮಕ್ಕಳ ಉಳೀಲಿಲ್ಲಂದ್ರ, ಆಕೀ ಹಳೇ ಸೀರಿ ಎಲ್ಲಾ ಯಾರ ಕೌದಿಗೆ ಹೋದ್ವು?"

ಎಲ್ಲಿಗೆ ಹೋಗುತ್ತವೆ? ನಮಗೇ ಬಂದವು. ಅವ್ವನ ಸೀರೆ ಲಂಗವಾಗಿ, ಜೋಲಿಯಾಗಿ ಮುಗಿದುಹೋಗುತ್ತಿತ್ತು. ಕೌದಿಗೆ ಉಳಿಯುತ್ತಿದ್ದುದು ದೊಡ್ಡವ್ವನದೇ. ಅಕ್ಕ ಎದ್ದು ಟ್ರಂಕಿನ ತಳದಿಂದ ನಾವು ಚಿಕ್ಕಂದಿನಲ್ಲಿ ಹೊದ್ದ ಕೌದಿಯನ್ನು ಎಳೆದು ತಂದಳು. ದೊಡ್ಡವ್ವನ ಅರಿಶಿಣ ಬಣ್ಣದ್ದು, ದೊಡ್ಡವ್ವನ ಕಂದು ಬಣ್ಣದ್ದು, ದೊಡ್ಡವ್ವನ ಚುಕ್ಕಿಯದು. ಈ ವಿಷಯದಲ್ಲಿ ಮಾತ್ರ ನಾವು ಅಕ್ಕತಂಗಿಯರು ಜಗಳವಾಡಲಿಲ್ಲ. ಅದರಡಿ ಮಲಗಿ ಬೆಳೆದ ನಮ್ಮಲ್ಲಿ ಅಕ್ಕನಿಗೆ ಮೊಣಕಾಲು ಬಿಟ್ಟರೆ ಬೇರೆ ಕಾಯಿಲೆಯಿಲ್ಲ. ನನಗೆ ಇಲ್ಲದ್ದನ್ನು ಯೋಚಿಸುವುದೊಂದು ಬಿಟ್ಟರೆ ಬೇರೆ ಕಾಯಿಲೆಯಿಲ್ಲ.

"ಮತ್ತ ನೀವಿಬ್ಬರೂ ಗಟ್ಟಿ ಅದೀರಲ್ಲ," ಎಂದಳು ಶಿಲ್ಪಾ. "ಹೊಲೀರಿ ಇನ್ನ. ಕೂಸು ಬರೂದ್ರಾಗ ಮುಗೀಬೇಕಲ್ಲ."

ಕೂಸು ಬರುವುದರೊಳಗೆ. ಆ ಮನೆಯಲ್ಲಿ ಆ ಮಾತನ್ನು ಬಾಯಿಬಿಟ್ಟು ಆಡಿದವಳು ಅವಳೇ ಮೊದಲು.

ಕೌದಿಯ ಕೊನೆಯ ಸಂದು ಮುಚ್ಚುವ ಮೊದಲು ಅದರ ಹೊಟ್ಟೆ ತುಂಬಿಸಬೇಕು ಎನ್ನುತ್ತಾರೆ. ಹಸಿದ ಕೌದಿ ಹೊದ್ದವರನ್ನು ಮಲಗಗೊಡುವುದಿಲ್ಲವಂತೆ. ಅಕ್ಕ ಹಸಿರು ತುಂಡಿನ ತೆರೆದ ಬದಿಯಿಂದ ಒಂದು ಚೂರು ಹೋಳಿಗೆ ಇಟ್ಟಳು. ಇರುವೆ ಬಂದರೆ ಎಂದು ನಾನು ಕೇಳಿದೆ. ತಾಯಿ ಮಗಳು ಇಬ್ಬರೂ ನನ್ನನ್ನು ಒಂದೇ ರೀತಿ ನೋಡಿದರು. ಅಕ್ಕ ಹೊಲಿಗೆ ಮುಗಿಸಿ ಹಲ್ಲಿನಿಂದ ದಾರ ಕಡಿದಳು.

ಹೆರಿಗೆಯ ದಿನ ಕುಷ್ಟಗಿಯ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಎಲ್ಲ ನಂಬಿಕೆಗಳೂ ಅಪನಂಬಿಕೆಗಳೂ ಅಕ್ಕಪಕ್ಕದಲ್ಲೇ ಕೂತು ನಡುಗಿದವು. ಒಳಗಿನಿಂದ ಅಳು ಕೇಳಿತು. ಹೆಣ್ಣು ಮಗು. ಮನೆಗೆ ತಂದು ಕೌದಿಯ ಮೇಲೆ ಮಲಗಿಸಿದ ಗಳಿಗೆಯಲ್ಲೇ ಅದು ಹಸಿರು ತುಂಡನ್ನು ಪೂರ್ತಿ ತೋಯಿಸಿತು. ಯಾರ ಸೀರೆ ಎಂದು ವಿಚಾರಿಸಲಿಲ್ಲ.

ಅಕ್ಕ ಈಗಲೂ ಅದು ಅವ್ವನ ಅರ್ಧವೇ ಎನ್ನುತ್ತಾಳೆ. ಅಲ್ಲ, ದೊಡ್ಡವ್ವನದು ಎಂದು ನಾನು ಪಟ್ಟು ಬಿಡುವುದಿಲ್ಲ. ನನಗೆ ಖಾತ್ರಿಯೇನೂ ಇಲ್ಲ. ಆದರೆ ಈ ಜಗಳ ನಡೆಯುತ್ತಿರಬೇಕಾದರೆ ಅವ್ವ, ದೊಡ್ಡವ್ವ ಇಬ್ಬರೂ ಅದರಲ್ಲಿ ಇರಬೇಕಲ್ಲ, ಅದಕ್ಕೆ.