ಒಂದರ ಮೇಲೊಂದು ನಾಲ್ಕು ವಾಷರ್

ನನ್ನ ಮಾವ ಟಿ. ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಸೈಕಲ್ ಶಾಪ್ ಇಟ್ಟಿದ್ದರು. ಮದುವೆಯಲ್ಲಿ ಬೈಕ್ ಕೊಡಿಸುತ್ತೇನೆಂದು ಒಪ್ಪಿಕೊಂಡವರು ಸೆಕೆಂಡ್ ಹ್ಯಾಂಡ್ ಗಾಡಿ ತಂದು ಛತ್ರದ ಮುಂದೆ ನಿಲ್ಲಿಸಿದರು. ಹೊಸ ಸೀಟ್ ಕವರ್ ಹಾಕಿಸಿ, ಹ್ಯಾಂಡಲ್ಲಿಗೆ ಸೇವಂತಿಗೆ ಹಾರ ಸುತ್ತಿದ್ದರು. ನಮ್ಮ ದೊಡ್ಡಪ್ಪ ಟ್ಯಾಂಕಿನ ಮೇಲೆ ಬೆರಳಾಡಿಸಿ, ನಾಲ್ಕು ಜನಕ್ಕೆ ಕೇಳುವ ಹಾಗೆ, “ಬಣ್ಣ ಒಡ್ಸವ್ರೆ ಕಣ್ಲಾ” ಎಂದರು. ನಾವು ಬೈಕ್ ಕೇಳಿದ್ದೇ ತಪ್ಪು ಎನ್ನುವುದು ನನಗೆ ಆಗ ಹೊಳೆಯಲಿಲ್ಲ. ಕೊಟ್ಟದ್ದು ಹಳೆಯದು ಎನ್ನುವುದೊಂದೇ ತಲೆಯಲ್ಲಿ ಕೂತಿತು.

ನಾನು ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದೆ. ಊರೊಳಗೆ ಬಾಡಿಗೆ ಮನೆ. ಗಾಡಿಗೆ ಮೊದಲ ಸಲ ಆಯಿಲ್ ಬದಲಿಸುವ ಹೊತ್ತು ಬಂದಾಗ ನಾನೇ ಬದಲಿಸುತ್ತೇನೆಂದು ಕೂತೆ. ನಮ್ಮ ರಸ್ತೆಯ ಮೆಕ್ಯಾನಿಕ್ ಒಂದು ಕಾಲದಲ್ಲಿ ಮಾವನ ಶಾಪಿನಲ್ಲೇ ಕೆಲಸ ಕಲಿತವನು. ಅವನ ಮುಂದೆ ಹೋಗಿ ನಿಲ್ಲಲು ನನಗೆ ಮನಸ್ಸಿರಲಿಲ್ಲ. ಇಂಜಿನ್ನಿನ ಅಡಿಯ ಬೋಲ್ಟು ಬಿಚ್ಚಿ ಕಪ್ಪು ಎಣ್ಣೆ ಬಸಿದೆ. ಬೋಲ್ಟಿಗೆ ವಾಷರ್ ಇರಲಿಲ್ಲ. ಬೋಲ್ಟಿಗೂ ಇಂಜಿನ್ನಿಗೂ ನಡುವೆ ಕೂತು ಎಣ್ಣೆ ಸೋರದಂತೆ ತಡೆಯುವ ಆ ಸಣ್ಣ ಬಿಲ್ಲೆಯೇ ಇಲ್ಲ! ಹೆಂಡತಿಯನ್ನು ಕೂಗಿ ಕರೆದು ಬರೀ ಬೋಲ್ಟು ತೋರಿಸಿದೆ.

“ನೋಡು, ನಿಮ್ಮಪ್ಪ ಒಂದು ವಾಷರ್‌ನಲ್ಲೂ ಉಳಿಸ್ಕಂಡವ್ನೆ.”

ಬೋಲ್ಟಿನ ತೂತಿನ ಸುತ್ತ ಒಂದು ಅಂಚು ಕಾಣುತ್ತಿತ್ತು, ಅದು ಇಂಜಿನ್ನಿನದೇ ಭಾಗ ಎಂದುಕೊಂಡೆ. ಅಂಗಡಿಯಿಂದ ತಾಮ್ರದ ವಾಷರ್ ತಂದು ಹಾಕಿದೆ. ವಾರದೊಳಗೆ ಗಾಡಿ ಸೋರತೊಡಗಿತು.

ಸೋರಿದ್ದು ನನಗೆ ಒಳಗೊಳಗೇ ಹಬ್ಬವಾಯಿತು ಎಂದರೆ ಸುಳ್ಳಲ್ಲ. ಮಾವನನ್ನು ಬೈಯಲು ದಿನವೂ ನೆಲದ ಮೇಲೆ ಸಾಕ್ಷಿ ಬೀಳುತ್ತಿತ್ತು. ಮುಂದಿನ ಸಲ ಗ್ಯಾಸ್ಕೆಟ್‌ಗೆ ಹಚ್ಚುವ ಅಂಟು ತಂದು ವಾಷರ್ ಸುತ್ತ ಮೆತ್ತಿದೆ. ಅದರ ಮುಂದಿನ ಸಲ ಬೋಲ್ಟು ಬಿಚ್ಚಿದರೆ ನಾನು ಹಾಕಿದ್ದ ವಾಷರ್ ಕಾಣಲಿಲ್ಲ. ಎಣ್ಣೆಯ ಜೊತೆ ಡಬ್ಬಿಗೆ ಬಿದ್ದಿರಬೇಕು, ಆ ಮಸಿಯಲ್ಲಿ ಯಾರು ಕೈಯಾಡಿಸುತ್ತಾರೆ ಎಂದು ಎಣ್ಣೆಯನ್ನು ಮೋರಿಗೆ ಚೆಲ್ಲಿ ಇನ್ನೊಂದು ಹಾಕಿದೆ, ಮತ್ತೆ ಅಂಟು ಮೆತ್ತಿದೆ. ಅದರ ಮುಂದಿನ ಸಲವೂ ಹಾಗೇ. ಆಮೇಲೆ ಬೋಲ್ಟು ಬಿಚ್ಚುವ ಗೋಜಿಗೇ ಹೋಗದೆ, ಸೋರಿದಷ್ಟು ಎಣ್ಣೆಯನ್ನು ಮೇಲಿಂದ ಸುರಿಯುತ್ತಿದ್ದೆ. ಸೋರುವುದು ಹೆಚ್ಚುತ್ತಲೇ ಹೋಯಿತು. ಇಂಜಿನ್ನೇ ಬಿರುಕು ಬಿಟ್ಟಿದೆ, ಗೊತ್ತಿದ್ದೂ ನನ್ನ ತಲೆಗೆ ಕಟ್ಟಿದ್ದಾರೆ ಎಂದು ತೀರ್ಮಾನಿಸಿದೆ.

ಒಂದು ದಿನ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ: ಈ ಗಾಡಿ ಸೋರುವುದು ನಿಲ್ಲುವ ತನಕ ನಾನು ನರಸೀಪುರದ ಹೊಸಿಲು ತುಳಿಯುವುದಿಲ್ಲ, ನೀನೂ ತುಳಿಯಕೂಡದು. ನಿಂತ ದಿನ ನಾನೇ ಹಿಂದೆ ಕೂರಿಸಿಕೊಂಡು ಹೋಗುತ್ತೇನೆ. ಅವಳು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ನಂಜನಗೂಡಿನಿಂದ ನರಸೀಪುರ ಎಷ್ಟು ದೂರ ಮಹಾ? ಬೆಳಿಗ್ಗೆ ಹೋಗಿ ಸಂಜೆಗೆ ಬರುವಂಥದ್ದು. ಎರಡು ಗೌರಿ ಹಬ್ಬ ಕಳೆದರೂ ಅವಳು ತವರಿನ ಮುಖ ನೋಡಲಿಲ್ಲ. ಅಡುಗೆ ಮನೆಯಲ್ಲಿ ಅವಳು ಮೂಗು ಒರೆಸಿಕೊಳ್ಳುವುದು ನನಗೆ ಕೇಳಿಸುತ್ತಿತ್ತು. ಕೇಳಿಸದ ಹಾಗೆ ರೇಡಿಯೊ ಜೋರು ಮಾಡುತ್ತಿದ್ದೆ.

ಮೂರನೆಯ ಗೌರಿ ಹಬ್ಬಕ್ಕೆ ಇನ್ನೇನು ನಾಲ್ಕು ದಿನ ಇದೆ ಎನ್ನುವಾಗ, ಭಾನುವಾರ ಮಧ್ಯಾಹ್ನ ಮಾವನೇ ಬಸ್ಸಿಳಿದು ಬಂದರು. ಒಂದು ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಇನ್ನೊಂದರಲ್ಲಿ ಗೋಣಿ ಬಟ್ಟೆಯ ಟೂಲ್ಸ್ ಚೀಲ. ಮಗಳು ಕೊಟ್ಟ ನೀರು ಕುಡಿದು, ನನ್ನ ಮುಖ ನೋಡದೆ, “ಗಾಡಿ ಒಸಿ ನೋಡ್ತೀನಿ ಅಳಿಯಂದ್ರೆ” ಎಂದರು.

“ನೋಡಿ. ನೀವೇ ತಾನೆ ಆರಿಸ್ಕಂಡು ತಂದಿದ್ದು” ಎಂದೆ.

ಅವರು ಗಾಡಿ ಸ್ಟಾರ್ಟ್ ಮಾಡಿ ಎಣ್ಣೆ ಬಿಸಿಯಾಗಲು ಬಿಟ್ಟರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಮುಂಬಾಗಿಲ ಸಿಮೆಂಟಿನ ಮೇಲೆ ಮಗ್ಗುಲಾಗಿ ಮಲಗಿದರು. ಅರವತ್ತು ದಾಟಿದ ಮನುಷ್ಯ, ಅಳಿಯನ ಕಾಲ ಬುಡದಲ್ಲಿ. ನಾನು ಕುರ್ಚಿಯಿಂದ ಏಳಲಿಲ್ಲ. ಎದುರು ಮನೆಯವರು ನೋಡುತ್ತಿದ್ದರು, ನೋಡಲಿ ಎಂದೇ ಕೂತಿದ್ದೆ.

ಬೋಲ್ಟು ಸುಲಭವಾಗಿ ಬಂತು. “ಇಡ್ತನೇ ಇಲ್ವಲ್ಲಾ, ಎಲ್ಡು ಸುತ್ತಿಗೇ ಬಂದ್ಬುಡ್ತು” ಎಂದು ತಮಗೆ ತಾವೇ ಹೇಳಿಕೊಂಡರು. ಎಣ್ಣೆ ಬಸಿದ ಮೇಲೆ ಸೀಮೆಎಣ್ಣೆಯ ಬಟ್ಟೆಯಿಂದ ತೂತಿನ ಸುತ್ತ ಒರೆಸಿ, ಉಗುರಾಡಿಸಿ ನೋಡಿದರು. ಚೀಲದಿಂದ ಸೈಕಲ್ ಚಕ್ರದ ಕಡ್ಡಿಯೊಂದನ್ನು ತೆಗೆದರು. ಅದರ ತುದಿಯನ್ನು ತಟ್ಟಿ ಚಪ್ಪಟೆ ಮಾಡಿ ಅರದಲ್ಲಿ ಉಜ್ಜಿದ್ದರು. ಅದನ್ನು ಅಂಚಿಗೆ ಕೊಟ್ಟು ಮೀಟತೊಡಗಿದರು.

“ಮಾವ, ಅದು ಇಂಜಿನ್ನೇ ಕಣ್ರೀ! ಕಿತ್ತಾಕ್ಬುಟ್ಟೀರಾ!” ಎಂದು ಕಿರುಚಿದೆ.

ಅವರು ಕೇಳಿಸಿಕೊಳ್ಳಲಿಲ್ಲ. ಒಂದೇ ಕಡೆ ಒತ್ತದೆ, ಸುತ್ತಲೂ ಸ್ವಲ್ಪ ಸ್ವಲ್ಪವೇ ಮೀಟುತ್ತ ಬಂದರು. ಟಕ್ಕೆಂದು ಒಂದು ತಾಮ್ರದ ಬಿಲ್ಲೆ ಬಿತ್ತು. ಅದರ ಹಿಂದೆ ಅಂಟಿನ ಪದರ. ಅದನ್ನು ಕೆರೆದರೆ ಇನ್ನೊಂದು ಬಿಲ್ಲೆ. ಅದರ ಹಿಂದೆ ಮತ್ತೊಂದು. ಕೊನೆಯದು ಬೂದು ಬಣ್ಣದ ಅಲ್ಯೂಮಿನಿಯಂ, ಇಂಜಿನ್ನಿಗೆ ಕಚ್ಚಿಕೊಂಡು ಕೂತಿತ್ತು. ಅದಕ್ಕೆ ಸೀಮೆಎಣ್ಣೆ ಬಿಟ್ಟು, ಒಂದು ಬೀಡಿ ಸೇದುವಷ್ಟು ಹೊತ್ತು ಕಾದು, ಅದನ್ನೂ ಎಬ್ಬಿಸಿದರು. ನಾಲ್ಕನ್ನೂ ಸಾಲಾಗಿ ಮೆಟ್ಟಿಲ ಮೇಲೆ ಇಟ್ಟರು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಮಾವ ಬೂದು ಬಿಲ್ಲೆಯನ್ನು ಬೆರಳಿಂದ ಮುಂದೆ ತಳ್ಳಿದರು. “ಇದು ನಂದು ಅಳಿಯಂದ್ರೆ. ತಾಮ್ರದ್ವು ನಂದಲ್ಲ.”

ಅಷ್ಟೇ. ಬೈದಿದ್ದರೆ ನಾನೂ ಬೈಯಬಹುದಿತ್ತು. ನಗಲೂ ಇಲ್ಲ ಆ ಮನುಷ್ಯ. ನಾಚಿಕೆಗಿಂತ ಮೊದಲು ನನಗೆ ಬಂದದ್ದು ಸಿಟ್ಟು, ಎರಡು ವರ್ಷದಿಂದ ಸಾಕಿಕೊಂಡು ಬಂದದ್ದನ್ನು ಕಿತ್ತುಕೊಂಡರಲ್ಲ ಎನ್ನುವ ಸಿಟ್ಟು. ಅವರು ಹೊಸದೊಂದು ವಾಷರ್ ಹಾಕಿ, ಬೋಲ್ಟನ್ನು ಮೊದಲು ಬೆರಳಲ್ಲೇ ತಿರುಗಿಸಿ, ಆಮೇಲೆ ಸ್ಪ್ಯಾನರ್ ಕೊಟ್ಟು ಬಿಗಿದು, ಎಣ್ಣೆ ಹಾಕಿ, ಇಂಜಿನ್ ಓಡಿಸಿ ಕೆಳಗೆ ಪೇಪರ್ ಹಾಸಿದರು. ಕಾಫಿ ಕುಡಿಯುವಷ್ಟು ಹೊತ್ತಾದರೂ ಪೇಪರಿನ ಮೇಲೆ ಒಂದು ಹನಿ ಬೀಳಲಿಲ್ಲ. ಬೀಳಲಿ ಎಂದು ನಾನು ಕಾಯುತ್ತಿದ್ದೆ.

“ಸರಿ, ಹಬ್ಬದ ದಿನ ನಾನೇ ಕರ್ಕಂಡ್ಬತ್ತೀನಿ” ಎಂದೆ, ದೊಡ್ಡ ಉಪಕಾರ ಮಾಡುವವನ ಹಾಗೆ.

ಅಷ್ಟರಲ್ಲಿ ಹೆಂಡತಿ ಸೀರೆ ಬದಲಿಸಿ ಬ್ಯಾಗು ಹಿಡಿದು ಹೊರಗೆ ಬಂದಿದ್ದಳು. “ನಾನು ಅಪ್ಪನ್ ಜೊತೇಲೆ ಓಯ್ತೀನಿ” ಎಂದಳು. ನನ್ನನ್ನು ಕೇಳಿದ್ದಲ್ಲ, ಹೇಳಿದ್ದು. ಮಾವ ಏನೋ ಹೇಳಲು ಹೋದರು, ಅವಳು ಆಗಲೇ ಮೆಟ್ಟಿಲಿಳಿದು ನಡೆಯುತ್ತಿದ್ದಳು. ಅವರೂ ಚೀಲ ಹೆಗಲಿಗೇರಿಸಿ ಹಿಂದೆಯೇ ಹೋದರು.

ನಾನು ಉರಿದುಹೋದೆ. ಐದು ನಿಮಿಷ ಬಿಟ್ಟು ಗಾಡಿ ಒದ್ದು ಸ್ಟಾರ್ಟ್ ಮಾಡಿ ಬಸ್ ಸ್ಟ್ಯಾಂಡಿಗೆ ಹೋದೆ. ನರಸೀಪುರದ ಬಸ್ಸು ಹೊರಡಲು ನಿಂತಿತ್ತು. ಅವಳು ಕಿಟಕಿ ಪಕ್ಕ ಕೂತಿದ್ದಳು, ಮಾವ ಅವಳ ಆಚೆ.

“ಇಳಿ ಕೆಳಗೆ. ಗಾಡಿ ತಂದಿವ್ನಿ” ಎಂದೆ.

ಅವಳು ನನ್ನನ್ನು ನೇರವಾಗಿ ನೋಡಿದಳು. “ಓದ್ವರ್ಸ ದೀಪಾವಳಿ ಟೇಮ್ನಲ್ಲಿ ಅವ್ವ ಮೈಸೂರ್ ಆಸ್ಪತ್ರೇಲಿ ಹನ್ನೊಂದು ದಿನ ಇದ್ಲು. ಕಾಗ್ದ ಬಂದಿತ್ತು. ನಿಮ್ಗೆ ಯೋಳ್ನಿಲ್ಲ.”

ಮಾವ, “ಬುಡು ಮಗ” ಎಂದು ಅವಳ ಕೈ ಹಿಡಿದರು.

ಅತ್ತೆ ಈಗ ಹೇಗಿದ್ದಾರೆ ಎಂದು ನಾನು ಕೇಳಬೇಕಿತ್ತು. ಇಷ್ಟು ವರ್ಷವಾದರೂ ಅನ್ನಿಸುವುದು ಅದೇ. ಆದರೆ ಅವತ್ತು ಅಷ್ಟು ಜನರ ಮುಂದೆ ನಾನು ಅವಳನ್ನೇ ಗದರಿದೆ.

“ಯಾಕ್ ಯೋಳ್ನಿಲ್ಲ ನಂಗೆ?”

“ಯೋಳಿದ್ರೆ, ಗಾಡಿ ಇನ್ನೂ ಸೋರ್ತದೆ ಅಂತಿದ್ರಿ” ಎಂದು ಹೇಳಿ ಅವಳು ಕಿಟಕಿಯ ಗಾಜು ಎಳೆದುಕೊಂಡಳು.