ಮಡಚದ ಚೂರಿ

ಹೋದ ವಾರ ನಮ್ಮ ಅಡುಗೆಮನೆಯ ಕೆಳಗಿನ ಡ್ರಾಯರು ಅರ್ಧಕ್ಕೆ ಸಿಕ್ಕಿಹಾಕಿಕೊಂಡು, ಹಿಂದೆಯೂ ಹೋಗದೆ ಮುಂದೆಯೂ ಬರದೆ ಹಟ ಹಿಡಿಯಿತು. ನನಗೂ ಹಟ ಬಂದು ಪೂರ್ತಿ ಕಿತ್ತು ಹೊರಗೆ ತೆಗೆದೆ. ಹಿಂದಿನ ಸಂದಿಯಿಂದ ಒಂದು ವಾಸನೆ ಎದ್ದು ಬಂತು. ಕಮಟಿದ ತೆಂಗಿನೆಣ್ಣೆ, ಹಳೆಯ ಚರ್ಮ, ಎಲ್ಲೋ ಆಳದಲ್ಲಿ ಸ್ವಲ್ಪ ಹೊಗೆ. ಮಗಳು ಮೂಗು ಮುಚ್ಚಿಕೊಂಡು, “ಅಪ್ಪಾ, ವಾಟ್ ಈಸ್ ದಟ್ ಸ್ಮೆಲ್?” ಎಂದಳು. ನೈರೋಬಿಯಲ್ಲೇ ಹುಟ್ಟಿದವಳು. ಕನ್ನಡ ಅವಳ ಕಿವಿಯೊಳಗೆ ಹೋಗುತ್ತದೆ, ಬಾಯಿಯಿಂದ ಹೊರಗೆ ಬರುವುದಿಲ್ಲ. “ಪೊರ್ಬುಗಳದ್ದು” ಎಂದೆ. ಅವಳಿಗೆ ಏನೂ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ, ಅವರು ಹೋದಾಗ ಅವಳಿನ್ನೂ ತೊಟ್ಟಿಲಲ್ಲಿದ್ದಳು...

ನಮ್ಮ ಪುತ್ತೂರು ಕಡೆ ಕ್ರಿಶ್ಚಿಯನ್ ಹಿರಿಯರನ್ನು ಪೊರ್ಬುಗಳು ಎಂದೂ ಅವರ ಮನೆಯಾಕೆಯನ್ನು ಬಾಯಮ್ಮ ಎಂದೂ ಕರೆಯುವುದು ಮರ್ಯಾದೆಯ ರೂಢಿ. ಸಮುದ್ರ ದಾಟಿ ಬಂದರೂ ನಾಲಿಗೆಗೆ ಆ ರೂಢಿ ತಪ್ಪಲಿಲ್ಲ. ಎಂಬತ್ತರ ದಶಕದ ಕೊನೆಗೆ ಶಾಲೆಯೊಂದರಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿ, ಹೆಂಡತಿಯನ್ನು ಕರೆದುಕೊಂಡು ಬಂದು ಸೌತ್ ಸಿ ಎಂಬ ಬಡಾವಣೆಯಲ್ಲಿ ಮನೆ ಹಿಡಿದಾಗ, ನಡುವಿನ ಮೋಟು ಗೋಡೆಯ ಆಚೆ ಈ ಗಂಡಹೆಂಡತಿ ಇದ್ದರು. ಪೊರ್ಬುಗಳು ಇಂಡಸ್ಟ್ರಿಯಲ್ ಏರಿಯಾದಲ್ಲಿ ತಗಡಿನ ಡಬ್ಬಿ ಮಾಡುವ ಕಾರ್ಖಾನೆಯ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಮಕ್ಕಳೆಂದರೆ ಒಬ್ಬಳೇ ಮಗಳು, ಮದುವೆಯಾಗಿ ಮಂಗಳೂರಿನಲ್ಲಿದ್ದಳು. ನಾವು ಮೊಟ್ಟೆಯನ್ನೂ ಮುಟ್ಟದ ಜನ. ಅವರ ಮನೆಯಲ್ಲಿ ಹಂದಿ ಮಾಂಸ ಬೇಯದಿದ್ದರೆ ಅದು ಭಾನುವಾರವೇ ಅಲ್ಲ. ಮೀನು ಹುರಿಯುವ ಮೊದಲು ಬಾಯಮ್ಮ ಗೋಡೆಯ ಹತ್ತಿರ ಬಂದು, “ಮಾಸ್ಟ್ರೇ, ಕಿಟಕಿ” ಎನ್ನುವರು. ನಾವು ಕಿಟಕಿ ಮುಚ್ಚುವೆವು. ಎರಡು ಮನೆಗಳ ನಡುವಿನ ಒಪ್ಪಂದ ಇಷ್ಟೇ, ಮತ್ತು ಅದು ಒಂದು ದಿನವೂ ತಪ್ಪಲಿಲ್ಲ.

ಪೊರ್ಬುಗಳಿಗೆ ಕುಡಿತ ಇರಲಿಲ್ಲ, ಇಸ್ಪೀಟು ಇರಲಿಲ್ಲ. ಇದ್ದದ್ದು ಕಾಡಿನ ಹುಚ್ಚೊಂದೇ. ವರ್ಷಕ್ಕೊಮ್ಮೆ ನೈರೋಬಿಯ ಇನ್ನೊಂದು ಬಡಾವಣೆಯಾದ ಕರೆನ್‌ನಲ್ಲಿದ್ದ ಮೈಸೂರಿನ ಡಾಕ್ಟರೊಬ್ಬರ ಜೀಪಿನಲ್ಲಿ ಮಗಾಡಿ ಸರೋವರದ ಕಡೆಗೆ ಇಳಿದು, ಮುಳ್ಳುಮರಗಳ ನಡುವೆ ಡೇರೆ ಹಾಕಿ ನಾಲ್ಕು ದಿನ ಇದ್ದು ಬರುವುದು. ದೊಡ್ಡ ಪ್ರಾಣಿಗಳ ಬೇಟೆಯನ್ನು ಸರ್ಕಾರ ಎಂದೋ ನಿಲ್ಲಿಸಿತ್ತು. ಲೈಸೆನ್ಸ್ ಇದ್ದವರು ಹಕ್ಕಿ ಹೊಡೆಯಬಹುದಿತ್ತು, ಅಷ್ಟೇ. ಲೈಸೆನ್ಸೂ ಕೋವಿಯೂ ಡಾಕ್ಟರರದು. ಪೊರ್ಬುಗಳು ಕೋವಿ ಮುಟ್ಟಿದವರೇ ಅಲ್ಲ. ಬಿದ್ದ ಕಾಂಗಾವನ್ನು, ಅಂದರೆ ಗಿನಿಕೋಳಿಯನ್ನು, ಸುಲಿದು ಕೊಯ್ದು ಬೇಯಿಸುವುದು ಮಾತ್ರ ಅವರ ಅಧಿಕಾರ. ಆ ಕೆಲಸಕ್ಕೆ ಇನ್ನೊಬ್ಬರು ಕೈಹಾಕಿದರೆ ಊಟವೇ ಬೇಡ ಎಂದು ಮುನಿಸಿಕೊಳ್ಳುತ್ತಿದ್ದರಂತೆ.

ನಾವು ಬಂದು ಎರಡನೆಯ ವರ್ಷವೋ ಮೂರನೆಯ ವರ್ಷವೋ, ಅವರ ಬಲಗೈ ನಡುಗಲು ಶುರುವಾಯಿತು. ಮೊದಮೊದಲು ಚಹಾದ ಸಾಸರು ಕಿಣಿಕಿಣಿ ಎನ್ನುತ್ತಿತ್ತು. ಆಮೇಲೆ ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯತೊಡಗಿತು. ಒಂದು ದಿನ ಈರುಳ್ಳಿ ಹೆಚ್ಚುತ್ತಾ ಹೆಬ್ಬೆರಳು ಕೊಯ್ದುಕೊಂಡರು. ಬಾಯಮ್ಮ ಗಂಡನ ಹಳೆಯ ಚೂರಿಯನ್ನು ಎಲ್ಲೋ ಅಡಗಿಸಿಟ್ಟು, ಇನ್ನು ಕಾಡಿನ ಹೆಸರೆತ್ತಬಾರದು ಎಂದು ಅಪ್ಪಣೆ ಮಾಡಿದರು. ಗೋಡೆಯ ಆಚೆ ಕೊಂಕಣಿಯಲ್ಲಿ ಜಗಳ ಹತ್ತಿತು. ಅವರಿಬ್ಬರ ಜಗಳ ನಮಗೆ ರೇಡಿಯೋ ಇದ್ದ ಹಾಗೆ, ಕೇಳದ ದಿನ ಏನೋ ಕೆಟ್ಟುಹೋಗಿದೆ ಅನ್ನಿಸುತ್ತಿತ್ತು. ಆ ಸಲ ಜಗಳ ಬೇಗ ನಿಂತುಹೋಯಿತು. ನಿಂತದ್ದಕ್ಕೇ ನಮಗೆ ಹೆದರಿಕೆಯಾಯಿತು.

ಮರುದಿನ ಸಂಜೆ ಪೊರ್ಬುಗಳು ನಮ್ಮ ಮನೆಗೆ ಬಂದು ಕುಳಿತರು. ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದರು.

“ಮಾಸ್ಟ್ರೇ, ನಿಮಗೊಂದು ಚೂರಿ ಬೇಕು.”

“ನನಗೆ ಎಂತಕ್ಕೆ ಪೊರ್ಬುಗಳೇ? ಬದನೆಕಾಯಿ ಹೆಚ್ಚಲಿಕ್ಕೆ ಮನೆಯಲ್ಲಿ ಮೆಟ್ಟುಕತ್ತಿ ಉಂಟು.”

“ಕಾಡಿಗೆ. ಈ ವರ್ಷ ನೀವೂ ಬರ್ತೀರಿ. ಮಾಸ್ಟ್ರಿಗೆ ಮೊದಲ ಸಲ, ನೋಡಿಕೊಳ್ಳಲಿಕ್ಕೆ ಒಬ್ಬ ಬೇಡ್ವಾ ಅಂತ ಇವಳ ಹತ್ರ ಹೇಳಿ ಆಯ್ತು.” ಆಮೇಲೆ ದನಿ ತಗ್ಗಿಸಿದರು. “ಡಾಕ್ಟ್ರಿಗೆ ಈ ಕೈಯ ಸುದ್ದಿ ಗೊತ್ತಿಲ್ಲ. ಗೊತ್ತಾದ್ರೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಸೂಪು ಕುಡಿಸ್ತಾರೆ. ಇನ್ನೊಂದೇ ಸಲ ಮಾಸ್ಟ್ರೇ, ನನ್ನ ಕೈಯಾರೆ.”

ಆ ಮುಖ ನೋಡಿ ಇಲ್ಲ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಬಾಯಮ್ಮ ಗೋಡೆಯ ಹತ್ತಿರ ಸಿಕ್ಕಾಗ, ನೀವು ಹುಷಾರು ಮಾಸ್ಟ್ರೇ ಎಂದರು, ಗಂಡನ ವಿಷಯ ಒಂದು ಮಾತೂ ಆಡಲಿಲ್ಲ. ನಮ್ಮ ಉಪಾಯ ಫಲಿಸಿತು ಎಂದು ನಾವಿಬ್ಬರೂ ಒಳಗೊಳಗೇ ಬೀಗಿದೆವು.

ಶನಿವಾರ ಮಟಾಟು ವ್ಯಾನು ಹಿಡಿದು ಪೇಟೆಗೆ ಹೋದೆವು. ಬಿಯಾಶಾರಾ ಸ್ಟ್ರೀಟಿನಲ್ಲಿ ಡೇರೆ, ಲಾಟೀನು, ಮೀನಿನ ಗಾಳ ಎಲ್ಲ ಮಾರುವ ಒಂದು ಗುಜರಾತಿ ಅಂಗಡಿ. ಗಾಜಿನ ಪೆಟ್ಟಿಗೆಯಲ್ಲಿ ಚೂರಿಗಳನ್ನು ಸಾಲಾಗಿ ಮಲಗಿಸಿದ್ದರು. ನನ್ನ ಕಣ್ಣು ಹೋದದ್ದು ಮಡಚಿ ಕಿಸೆಗೆ ಹಾಕುವಂಥದ್ದರ ಮೇಲೆ, ಅಪಾಯ ಕಡಿಮೆ ಕಂಡಿತು. ಪೊರ್ಬುಗಳು ಅದನ್ನು ಮುಟ್ಟಲೂ ಇಲ್ಲ. “ಇದು ಪೆನ್ಸಿಲ್ ಕೆತ್ತಲಿಕ್ಕೆ. ಈ ಕೀಲಿನಲ್ಲಿ ಕೊಬ್ಬು ಹೊಕ್ಕುತ್ತದೆ, ಮರಳು ಹೊಕ್ಕುತ್ತದೆ, ಮೂರನೆಯ ದಿನ ಬೆರಳಿನ ಮೇಲೆಯೇ ಮಡಚಿಕೊಳ್ಳುತ್ತದೆ. ಕಾಡಿಗೆ ಮಡಚದ್ದೇ ಬೇಕು” ಎಂದರು.

ಅಂಗಡಿಯವರು ಒಂದು ಮಡಚದ ಚೂರಿಯನ್ನು ನನ್ನ ಕೈಗೆ ನೀಡಿದರು. ನನ್ನ ಕೈ ತಾನಾಗಿ ಹಿಂದೆ ಸರಿಯಿತು. ಚೂರಿ, ಸೂಜಿ, ಉಪ್ಪು ಇವನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳ; ಒಬ್ಬರು ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಅಜ್ಜಿ ಚಿಕ್ಕಂದಿನಲ್ಲಿ ತಲೆಗೆ ಮೊಟಕಿ ಕಲಿಸಿದ್ದು ಗಣಿತ ಓದಿದರೂ ಹೋಗಲಿಲ್ಲ. ಗಾಜಿನ ಮೇಲೆ ಇಡಲು ಹೇಳಿದೆ. ಪೊರ್ಬುಗಳಿಗೆ ನಗು ತಡೆಯಲಿಲ್ಲ. “ನಮ್ಮ ಮನೆಯಲ್ಲಿ ಇಂಥದ್ದೆಲ್ಲ ಇಲ್ಲಪ್ಪ. ಮದುವೆಯಾದಂದಿನಿಂದ ಇವಳು ನನಗೆ ಚೂರಿ ಕೈಗೇ ಕೊಡುವುದು.”

“ಅದಕ್ಕೇ ದಿನಾ ಜಗಳ” ಎಂದೆ.

ಚೂರಿ ಆರಿಸುವುದು ಹೆಣ್ಣು ನೋಡುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಪೊರ್ಬುಗಳ ಲೆಕ್ಕದಲ್ಲಿ ಅಲಗಿನ ಉಕ್ಕು ಹಿಡಿಯ ಬುಡದಲ್ಲೇ ನಿಲ್ಲದೆ ಹಿಡಿಯ ತುದಿಯ ತನಕ ಒಂದೇ ಆಗಿ ಬರಬೇಕು, ಇಲ್ಲದಿದ್ದರೆ ಮೂಳೆಗೆ ತಾಗಿದಾಗ ಕತ್ತು ಮುರಿಯುತ್ತದೆ. ಅಲಗು ಅಂಗೈಯಗಲಕ್ಕಿಂತ ಸ್ವಲ್ಪ ಉದ್ದ ಸಾಕು, ಮೊಳದುದ್ದದ್ದು ಸಿನಿಮಾದವರಿಗೆ. ಥಳಥಳ ಹೊಳೆಯುವ ಸ್ಟೀಲು ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಮೊಂಡಾದರೆ ಡೇರೆಯ ಹತ್ತಿರದ ಕಲ್ಲಿಗೆ ಮಸೆದರೆ ಹರಿತವಾಗುವುದಿಲ್ಲ. ಕಪ್ಪು ಉಕ್ಕಿಗೆ ತುಕ್ಕು ಬರುತ್ತದೆ, ಎಣ್ಣೆ ಹಚ್ಚಿದರಾಯಿತು. ಹೀಗೆ ಒಂದೊಂದಾಗಿ ತಳ್ಳಿ ಕೊನೆಗೆ ಎರಡು ಉಳಿದವು. ಒಂದಕ್ಕೆ ಕೊಂಬಿನ ಹಿಡಿ, ತೆಳ್ಳಗೆ, ನೋಡಿದರೆ ನೋಡುತ್ತಲೇ ಇರಬೇಕು. ಇನ್ನೊಂದರ ಮರದ ಹಿಡಿ ಒನಕೆಯ ತುಂಡಿನಂತೆ ದಪ್ಪ, ಬೆರಳಿಗೆ ಆಳವಾದ ತಗ್ಗುಗಳು. ಕುರೂಪಿ ಎಂದರೆ ಕುರೂಪಿ.

ಪೊರ್ಬುಗಳು ಮೊದಲು ಕೊಂಬಿನದನ್ನು ಎತ್ತಿದರು. ಅಲಗಿನ ತುದಿ ಗಾಜಿಗೆ ತಾಗಿ ಟಿಕಟಿಕ ಸದ್ದು ಮಾಡಿತು. ಅಂಗಡಿಯವರು ಕತ್ತೆತ್ತಿ ನೋಡಿದರು. ಪೊರ್ಬುಗಳು ಮೆಲ್ಲನೆ ಅದನ್ನು ಕೆಳಗಿಟ್ಟು ಆ ಕುರೂಪಿಯನ್ನು ಎತ್ತಿ, ತಗ್ಗುಗಳಲ್ಲಿ ಬೆರಳು ಕೂರಿಸಿ, ಇಡೀ ಅಂಗೈಯಿಂದ ಬಿಗಿಯಾಗಿ ಹಿಡಿದರು. ನಡುಕ ಪೂರ್ತಿ ನಿಲ್ಲಲಿಲ್ಲ. ಆದರೆ ಮಗು ಅಳು ನಿಲ್ಲಿಸಿದ ಮೇಲೆ ಬಿಕ್ಕುವುದಿಲ್ಲವೇ, ಅಷ್ಟಕ್ಕೆ ಇಳಿಯಿತು. “ಮಾಸ್ಟ್ರಿಗೆ ಇದೇ ಸರಿ” ಎಂದರು. ನಾನೂ ಇದೇ ಸರಿ ಎಂದೆ.

ಕಾಡಿನಲ್ಲಿ ನಾನು ಬ್ರೆಡ್ಡು ಜಾಮು ತಿಂದುಕೊಂಡು ಇದ್ದೆ, ಆ ಕಥೆ ಬೇಡ. ಮೊದಲ ದಿನ ಮಧ್ಯಾಹ್ನ ಡಾಕ್ಟರರು ಎರಡು ಕಾಂಗಾ ಹೊಡೆದು ತಂದು ಹಾಕಿದರು. ನನ್ನ ಪಕ್ಕದಲ್ಲಿದ್ದ ಹೊಸ ಚೂರಿಯನ್ನು ಎತ್ತಿ ತಿರುಗಿಸಿ ನೋಡಿ, “ಏನ್ರೀ ಮೇಷ್ಟ್ರೇ, ಜೋರಾಗಿದೆ” ಎಂದು, ಹಿಡಿಯನ್ನು ಮುಂದೆ ಮಾಡಿ ಪೊರ್ಬುಗಳತ್ತ ಚಾಚಿದರು. ಪೊರ್ಬುಗಳ ಕೈ ತೊಡೆಯ ಕೆಳಗಿತ್ತು. ಹೊರಗೆ ಬಂದರೆ ಎಲ್ಲ ಮುಗಿಯಿತು, ಎದುರಿಗೆ ನಿಂತವರು ಡಾಕ್ಟರು...

“ಕೈಗೆ ಕೊಡ್ಬೇಡಿ ಡಾಕ್ಟ್ರೇ, ಕೆಳಗೆ ಇಡಿ” ಎಂದರು ಪೊರ್ಬುಗಳು, ಬಹಳ ಗಂಭೀರವಾಗಿ. “ಮಾಸ್ಟ್ರ ಶಾಸ್ತ್ರ. ಚೂರಿ ಕೈಯಿಂದ ಕೈಗೆ ಹೋದ್ರೆ ಜಗಳ ಆಗ್ತದಂತೆ.”

“ಹೌದು ಡಾಕ್ಟ್ರೇ, ನಮ್ಮಲ್ಲಿ ತುಂಬಾ ಕಟ್ಟುನಿಟ್ಟು” ಎಂದೆ.

ಡಾಕ್ಟರರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಆ ತೊಡೆಯನ್ನು. “ಆಯ್ತು, ಇಟ್ಟೆ ಬಿಡಿ” ಎಂದು ಹಲಗೆಯ ಮೇಲೆ ಇಟ್ಟು ಆಚೆ ಹೋದರು. ಆಮೇಲೆ ಪೊರ್ಬುಗಳು ಚೂರಿ ಎತ್ತಿ, ಮೊಣಕೈಯನ್ನು ಮಂಡಿಗೆ ಆನಿಸಿ, ಹಕ್ಕಿಗಳನ್ನು ಸುಲಿದು ಕೊಯ್ದರು. ನಿಧಾನವಾಯಿತು, ಆದರೆ ಒಂದು ಕೀಲೂ ತಪ್ಪಲಿಲ್ಲ. ರಕ್ತ ಕಂಡರೆ ತಲೆ ತಿರುಗುವ ನಾನು ಆ ಕೈಯನ್ನು ನೋಡುತ್ತಾ ಕೊನೆಯವರೆಗೂ ಕುಳಿತಿದ್ದೆ. ಮುಗಿದ ಮೇಲೆ ಅವರ ಮುಖದಲ್ಲಿ ಬಂದ ಕಳೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಸಂಜೆ ಡಾಕ್ಟರರು ಚಹಾ ಹಂಚಿದರು. ನನಗೆ ಮಗ್ಗನ್ನು ಕೈಗೇ ಕೊಟ್ಟರು. ಪೊರ್ಬುಗಳ ಹತ್ತಿರ ಬಂದಾಗ ಒಂದು ಚಪ್ಪಟೆ ಕಲ್ಲನ್ನು ಕಾಲಿನಿಂದ ಅವರತ್ತ ಸರಿಸಿ, ಮಗ್ಗನ್ನು ಅದರ ಮೇಲಿಟ್ಟು, ಹಕ್ಕಿಗಳ ವಿಷಯ ಮಾತಾಡುತ್ತಾ ಮುಂದೆ ಹೋದರು. ಚಹಾದ ಮಗ್ಗಿಗೆ ನಮ್ಮಲ್ಲಿ ಯಾವ ಶಾಸ್ತ್ರವೂ ಇಲ್ಲ. ಮುಂದಿನ ವರ್ಷ ಡಾಕ್ಟರರೇ ಫೋನ್ ಮಾಡಿ, ನೀವು ಬಾರದಿದ್ದರೆ ಕೊಯ್ಯುವವರು ಯಾರು ಎಂದು ಕರೆದರು. ದೊಡ್ಡ ಮನಸ್ಸಿನ ಮನುಷ್ಯ.

ಚೂರಿ ‘ನನ್ನದು’ ಆದ್ದರಿಂದ ನಮ್ಮ ಮನೆಯಲ್ಲೇ ಇರಬೇಕಾಯಿತು. ನನ್ನ ಹೆಂಡತಿ ಅದನ್ನು ಕೆಳಗಿನ ಡ್ರಾಯರಿನ ಕಟ್ಟಕಡೆಗೆ, ಅನ್ನದ ಪಾತ್ರೆಗಳಿಗೆ ತಾಗದಂತೆ ತಳ್ಳಿದಳು. ಭಾನುವಾರ ಇಗರ್ಜಿಯಿಂದ ಬಂದವರೇ ಪೊರ್ಬುಗಳು ಹಿತ್ತಲ ಬಾಗಿಲಿಂದ ಕಳ್ಳನಂತೆ ನುಗ್ಗಿ, ಅಲಗಿಗೂ ಚರ್ಮದ ಒರೆಗೂ ತೆಂಗಿನೆಣ್ಣೆ ತಿಕ್ಕಿ ಹೋಗುತ್ತಿದ್ದರು. ಎರಡು ಸಲ ಕಾಡಿಗೆ ಹೋಗಿ ಬಂದರು. ಮೂರನೆಯ ವರ್ಷ ಹಾಸಿಗೆ ಹಿಡಿದರು...

ಒಂದು ಬೆಳಿಗ್ಗೆ ಬಾಯಮ್ಮ ಗೋಡೆಯ ಹತ್ತಿರ ಬಂದರು. ನಾನು ಕಿಟಕಿ ಮುಚ್ಚಲು ಹೊರಟೆ.

“ಕಿಟಕಿ ಅಲ್ಲ ಮಾಸ್ಟ್ರೇ. ಆ ಚೂರಿ ಕೊಡಿ. ಹತ್ತಿರ ಇಟ್ಟರೆ ಅವರಿಗೆ ಸಮಾಧಾನ.”

ನಾನು ಕಣ್ಣು ಕಣ್ಣು ಬಿಟ್ಟೆ. ಅವರು ಸ್ವಲ್ಪ ನಕ್ಕರು. “ಮಾಂಸ ಮುಟ್ಟದ ಮನೆಗೆ ಕಾಡಿನ ಚೂರಿ ಎಂತಕ್ಕೆ ಅಂತ ನನಗೆ ಗೊತ್ತಾಗ್ಲಿಲ್ಲ ಅಂತ ಎಣಿಸಿದ್ರಾ? ಹೋಗಿ ಬರಲಿ ಅಂತ ಸುಮ್ಮನಿದ್ದೆ.”

ಚೂರಿ ತಂದು ಗೋಡೆಯ ಮೇಲಿಟ್ಟೆ. ಅವರು ಎತ್ತಿಕೊಂಡು ಹೋದರು. ಪೊರ್ಬುಗಳು ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು.

ಬಾಯಮ್ಮ ಮಗಳ ಮನೆಗೆ ಮಂಗಳೂರಿಗೆ ಹೊರಟ ದಿನ ಬೆಳಿಗ್ಗೆ ಅದೇ ಗೋಡೆಯ ಹತ್ತಿರ ಬಂದು ನನ್ನನ್ನು ಕೂಗಿದರು. ಕೈಯಲ್ಲಿ ಚೂರಿ ಇತ್ತು, ಒರೆಗೆ ಹೊಸದಾಗಿ ಎಣ್ಣೆ ಹಚ್ಚಿದ್ದರು. ಗೋಡೆಯ ಮೇಲಿಡಲಿ ಎಂದು ನಾನು ಕಾದೆ. ಅವರು ಇಡಲಿಲ್ಲ. ಗೋಡೆಯ ಮೇಲಿಂದ ಕೈ ಚಾಚಿ ನನ್ನ ಕೈಯ ಹತ್ತಿರಕ್ಕೇ ಹಿಡಿದರು.

“ತೆಗೆದುಕೊಳ್ಳಿ ಮಾಸ್ಟ್ರೇ. ಇನ್ನು ಜಗಳ ಮಾಡಲಿಕ್ಕೆ ನನಗೆ ಯಾರಿದ್ದಾರೆ?”

ನಾನು ಎರಡೂ ಕೈಯಿಂದ ತೆಗೆದುಕೊಂಡೆ. ಬಾಯಮ್ಮನೂ ತೀರಿಕೊಂಡು ಬಹಳ ಕಾಲವಾಯಿತು. ಆಚೆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಗೋಡೆಯನ್ನು ಎತ್ತರಿಸಿ ಮೇಲೆ ತಂತಿ ಎಳೆದಿದ್ದಾರೆ, ಒಳಗಿನ ಸದ್ದು ಒಂದೂ ಕೇಳುವುದಿಲ್ಲ. ಕಿಟಕಿ ಮುಚ್ಚಿ ಎನ್ನುವವರಿಲ್ಲದೆ ನಮ್ಮ ಕಿಟಕಿ ಯಾವಾಗಲೂ ತೆರೆದೇ ಇರುತ್ತದೆ.

ಇಷ್ಟನ್ನೂ ಡ್ರಾಯರಿನ ಪಕ್ಕ ನೆಲದ ಮೇಲೆ ಕುಳಿತು, ಹಿಂದಿನ ಸಂದಿಯಲ್ಲಿ ಸಿಕ್ಕ ಚೂರಿಯನ್ನು ಕೈಯಲ್ಲಿ ಹಿಡಿದು ಮಗಳಿಗೆ ಹೇಳಿದೆ. ಅವಳು ಮೂಗಿನಿಂದ ಕೈ ತೆಗೆದಿದ್ದಳು. “ಕ್ಯಾನ್ ಐ ಹೋಲ್ಡ್ ಇಟ್?” ಎಂದು ಕೈ ಚಾಚಿದಳು. ಅಭ್ಯಾಸಬಲದಿಂದ ನೆಲದ ಮೇಲಿಡಲು ಬಗ್ಗಿದವನು, ಯಾಕೋ ಇಡಲಾರದೆ ಅವಳ ಕೈಗೇ ಕೊಟ್ಟೆ. ಜಗಳವಾದರೆ ಆಗಲಿ. ಮನೆಯಲ್ಲಿ ಜಗಳ ಆಡುವುದಕ್ಕೆ ಜನ ಇದ್ದಾರಲ್ಲ.