ನಲವತ್ತೆರಡು ಜಿಂಕೆಗಳ ಟೈಲರಕ್ಕ

ಬೆಳಗಿನ ಐದೂ ಮುಕ್ಕಾಲು. ಬಡಾವಣೆಯ ಕೊನೆಯ ಬೀದಿ ಮುಗಿಯುವಲ್ಲಿ ಉದ್ದನೆಯ ಕಾಂಪೌಂಡ್ ಗೋಡೆ, ಅದರಾಚೆ ಕುರುಚಲು ಗುಡ್ಡ. ಗೋಡೆಯ ನಡುವೆ ಇಬ್ಬರು ಅಕ್ಕಪಕ್ಕ ನಡೆಯುವಷ್ಟು ಅಗಲದ ಒಂದು ಸಂದು. ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ, ಐವತ್ತೇಳರ ಹೆಂಗಸೊಬ್ಬರು ತೊಡೆಯ ಮೇಲೆ ನೋಟ್‌ಬುಕ್ ಬಿಚ್ಚಿಕೊಂಡು ಕೂತಿದ್ದಾರೆ. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿದೆ. ಪಕ್ಕದಲ್ಲಿ ಶಾಲು ಹೊದ್ದು ಕೂತವರು ಬಡಾವಣೆ ಸಂಘದ ಅಧ್ಯಕ್ಷರು. ಬಸ್ ಡಿಪೊ ಮ್ಯಾನೇಜರ್ ಆಗಿ ನಿವೃತ್ತರಾದವರು.

ಚುಕ್ಕೆ ಜಿಂಕೆಗಳು ಒಂದೊಂದಾಗಿ ಸಂದಿನಿಂದ ಇಳಿದು ನೀರಿನ ತೊಟ್ಟಿಯತ್ತ ಬರುತ್ತಿವೆ.

"ಇದರ ಬಲ ಮಗ್ಗುಲು ಸಿಕ್ತಾ?" ಅಧ್ಯಕ್ಷರು ಪಿಸುಗುಡುತ್ತಾರೆ.

"ಮೊನ್ನೇನೇ ಸಿಕ್ತಲ್ಲ ಸಾರ್. ನೀವೇ ಗುರುತು ಹಾಕಿದ್ರಿ."

"ನಂಗೆ ಎಲ್ಲಾ ಒಂದೇ ಥರ ಕಾಣ್ತವಮ್ಮಾ."

"ನಿಮ್ಮ ಡಿಪೊ ಬಸ್ಸುಗಳೂ ನಮಗೆ ಹಾಗೇ ಕಾಣ್ತಿದ್ವು. ನೀವು ನಂಬರ್ ನೋಡದೇನೇ ಹೇಳ್ತಿರಲಿಲ್ವಾ?"

ನೋಟ್‌ಬುಕ್ಕಿನಲ್ಲಿ ನಲವತ್ತೊಂದು ಜಿಂಕೆಗಳ ಎರಡೂ ಮಗ್ಗುಲಿಗೆ ಗುರುತು ಬಿದ್ದಿದೆ. ಒಂದು ಹೆಣ್ಣು ಜಿಂಕೆಯ ಎಡ ಮಗ್ಗುಲು ಮಾತ್ರ ಇದೆ. ಇಂದು ಶನಿವಾರ, ಕೊಟ್ಟ ಗಡುವಿನ ಕೊನೆಯ ದಿನ. ಆ ಒಂದು ಬಲ ಮಗ್ಗುಲು ಸಿಗದಿದ್ದರೆ ನಾಳೆ ಇಟ್ಟಿಗೆ ಬರುತ್ತದೆ, ಸಂದು ಮುಚ್ಚುತ್ತದೆ. ಬೇಸಿಗೆಯಲ್ಲಿ ಗುಡ್ಡದ ಮೇಲೆ ಹನಿ ನೀರಿಲ್ಲ.

ಬಡಾವಣೆಗೆಲ್ಲ ಈಕೆ ಟೈಲರಕ್ಕ. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಗೋಡೆಗೆ ಹೊಡೆದ ಮೊಳೆಗಳಲ್ಲಿ ನೇತಾಡುವ ಅರ್ಧ ಹೊಲಿದ ಸಮವಸ್ತ್ರಗಳು. ಮೂವತ್ತನಾಲ್ಕು ವರ್ಷದಿಂದ ಇದೇ ಕೆಲಸ. ಎಲೆಕ್ಟ್ರಿಷಿಯನ್ ಆಗಿದ್ದ ಗಂಡ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆ ನಡೆದದ್ದು ಇವರ ಸೂಜಿಯ ಮೇಲೆ. ಗಂಡ ಈಗ ಕೂತಲ್ಲೇ ಕಾಜಾ ಹಾಕುತ್ತಾರೆ, ಗುಂಡಿ ಹೊಲಿಯುತ್ತಾರೆ, ಬಂದವರ ಜೊತೆ ಹರಟುತ್ತಾರೆ.

ಜಿಂಕೆಗಳ ಸಹವಾಸ ಶುರುವಾದದ್ದು ಏಳು ವರ್ಷದ ಹಿಂದೆ. ಕಾಲಿಗೆ ಕೇಬಲ್ ತಂತಿ ಸುತ್ತಿಕೊಂಡ ಜಿಂಕೆಯೊಂದು ಅಂಗಡಿಯ ಹಿಂದೆ ಬಿದ್ದಿತ್ತು. ಕರೆ ಕಳಿಸಿದಾಗ ಬಂದ ಪಶುವೈದ್ಯೆ ಅದನ್ನು ಹಿಡಿದುಕೊಂಡರು, ಟೈಲರಕ್ಕ ತಂತಿ ಕತ್ತರಿಸಿದರು. "ಬಟ್ಟೆ ಕತ್ತರಿ ಹಾಳಾಯ್ತು. ಆ ಜಿಂಕೆ ತಿರುಗಿಯೂ ನೋಡ್ದೆ ಓಡ್ಹೋಯ್ತು, ಒಂದು ಥ್ಯಾಂಕ್ಸೂ ಇಲ್ಲ" ಎಂದು ನಗುತ್ತಾರೆ. ಆಮೇಲೆ ಆ ಪಶುವೈದ್ಯೆಯೇ ಸಾಂಕೇತಿಕ ದತ್ತು ಯೋಜನೆ ಹಾಕಿಕೊಟ್ಟರು. ಒಂದು ಮನೆಗೆ ಒಂದು ಜಿಂಕೆ. ವರ್ಷಕ್ಕೊಮ್ಮೆ ವಂತಿಗೆ, ಅದರಲ್ಲಿ ತೊಟ್ಟಿಗಳಿಗೆ ನೀರು, ತಂತಿ ಮತ್ತು ಪ್ಲಾಸ್ಟಿಕ್ ಆರಿಸುವ ಕೆಲಸ, ಗಾಯಕ್ಕೆ ಔಷಧ.

"ದತ್ತು ಅಂದ ತಕ್ಷಣ ಜನ ಬಿಸ್ಕತ್ ಹಿಡ್ಕೊಂಡು ಬರ್ತಾರೆ. ಮುಟ್ಟೋ ಹಾಗಿಲ್ಲ, ತಿನ್ನಿಸೋ ಹಾಗಿಲ್ಲ, ಕರೆಯೋ ಹಾಗಿಲ್ಲ. ದೂರದಿಂದ ನೋಡಿ ಖುಷಿ ಪಡ್ಬೇಕು. ಅದು ನಿಮಗೆ ಸೇರಿದ್ದಲ್ಲ, ಅದರ ಜವಾಬ್ದಾರಿ ಮಾತ್ರ ನಿಮ್ದು ಅಂತ ಮೊದಲೇ ಹೇಳ್ಬಿಡ್ತೀನಿ" ಎನ್ನುತ್ತಾರೆ ಟೈಲರಕ್ಕ.

ದತ್ತು ಪಡೆದವರಿಗೆ ಅಚ್ಚು ಹಾಕಿದ ಪ್ರಮಾಣಪತ್ರ ಕೊಡುವ ಯೋಚನೆ ಇತ್ತು. ಟೈಲರಕ್ಕ ಒಪ್ಪಲಿಲ್ಲ. ಪ್ರತಿ ಜಿಂಕೆಯ ಮೈಮೇಲಿನ ಚುಕ್ಕೆಗಳ ಜೋಡಣೆ ಬೇರೆ ಬೇರೆ, ಮನುಷ್ಯರ ಬೆರಳಚ್ಚಿನ ಹಾಗೆ. ಅದನ್ನು ನೋಡಿ ನೋಟ್‌ಬುಕ್ಕಿನಲ್ಲಿ ಚುಕ್ಕೆ ಇಟ್ಟುಕೊಂಡು, ಕರವಸ್ತ್ರದಷ್ಟು ಕಂದು ಬಟ್ಟೆಯ ಮೇಲೆ ಬಿಳಿ ದಾರದಲ್ಲಿ ಅದೇ ಜೋಡಣೆಯನ್ನು ಹೊಲಿದು ಕೊಡುತ್ತಾರೆ. ಒಂದು ಬಟ್ಟೆಗೆ ಮೂರು ಸಂಜೆ ಹಿಡಿಯುತ್ತದೆ. ಇವತ್ತು ಈ ಬಡಾವಣೆಯ ಎಷ್ಟೋ ಮನೆಗಳ ನಡುಮನೆಯಲ್ಲಿ ಫೋಟೊಗಳ ಸಾಲಿನಲ್ಲಿ ಒಂದು ಚುಕ್ಕೆ ಬಟ್ಟೆಯೂ ಕಟ್ಟು ಹಾಕಿಸಿಕೊಂಡು ಕೂತಿದೆ.

ದಿನಚರಿ ಗಡಿಯಾರದಂತೆ. ನಾಲ್ಕೂ ಮುಕ್ಕಾಲಿಗೆ ಏಳುವುದು, ನಾಲ್ಕು ತೊಟ್ಟಿ ತಿಕ್ಕಿ ತುಂಬಿಸುವುದು, ಜಿಂಕೆ ಎಣಿಸುವುದು, ಗೋಡೆಯುದ್ದಕ್ಕೂ ಎರಡೂವರೆ ಕಿಲೋಮೀಟರ್ ನಡೆದು ತಂತಿ, ದಾರ, ಚೀಲ ಆರಿಸುವುದು. ಎಂಟಕ್ಕೆ ಯಂತ್ರದ ಮುಂದೆ. ಮಂಡಿ ನೋವಿಗೆ ವೈದ್ಯರು ಮೆಟ್ಟಿಲು ಹತ್ತಬೇಡಿ ಎಂದಿದ್ದಾರೆ. "ಜಿಂಕೆಗಳಿಗೂ ಒಂದು ಚೀಟಿ ಬರೆದುಕೊಡಿ ಡಾಕ್ಟ್ರೇ, ಕೆಳಗೇ ಬನ್ನಿ ಅಂತ" ಎಂದು ಇವರು ಹೇಳಿ ಬಂದಿದ್ದಾರೆ.

ಇಷ್ಟು ಕಟ್ಟುನಿಟ್ಟಿನ ಹೆಂಗಸಿನ ಕೈಯಲ್ಲೂ ತಪ್ಪಾಯಿತು.

ಆಸ್ಪತ್ರೆಯ ಹಿರಿಯ ನರ್ಸಮ್ಮ ಮತ್ತು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಎದುರುಬದುರು ಮನೆಯವರು. ಇಬ್ಬರದೂ ಒಂದೊಂದು ಜಿಂಕೆ. ಎರಡು ವರ್ಷದಿಂದ ಹಾಲಿನ ಬೂತಿನ ಮುಂದೆ ಇಬ್ಬರಿಗೂ ಇದೇ ಜಗಳ.

"ನಿಮ್ಮದು ಸೋಂಬೇರಿ ಮೇಷ್ಟ್ರೇ. ನನ್ನದನ್ನ ನೋಡಿ, ಎಷ್ಟು ಚುರುಕು!"

"ನಿಮ್ಮದಕ್ಕೆ ಬ್ರೇಕೇ ಇಲ್ಲ. ನನ್ನದು ರಸ್ತೆ ದಾಟೋಕೆ ಮುಂಚೆ ನಿಂತು ನೋಡತ್ತೆ. ಸಂಸ್ಕಾರ!"

ಎರಡು ತಿಂಗಳ ಹಿಂದೆ ಒಂದು ಬೆಳಗ್ಗೆ ನರ್ಸಮ್ಮನ ಜಿಂಕೆ ತೊಟ್ಟಿಯಲ್ಲಿ ನೀರು ಕುಡಿಯುತ್ತಿತ್ತು. ಕುಡಿದು ಹಿಂದಕ್ಕೆ ತಿರುಗಿತು. ತಿರುಗಿದ ಕೂಡಲೇ ಅದು ಮೇಷ್ಟ್ರ ಜಿಂಕೆ.

"ಒಂದೇ ಪ್ರಾಣಿ! ಎಡ ಮಗ್ಗುಲು ಅವರಿಗೆ ಹೊಲಿದುಕೊಟ್ಟಿದ್ದೀನಿ, ಬಲ ಮಗ್ಗುಲು ಇವರಿಗೆ. ಎರಡು ಕಡೆ ಚುಕ್ಕೆ ಒಂದೇ ಥರ ಇರಲ್ಲ ಅಂತ ಹೊಳೀಲೇ ಇಲ್ಲ. ಶರ್ಟಿನ ಎಡ ಬಲ ಅದಲುಬದಲು ಮಾಡ್ಬೇಡ್ರೇ ಅಂತ ಹೊಲಿಗೆ ಕಲಿಯೋಕೆ ಬಂದ ಎಷ್ಟು ಹುಡುಗೀರನ್ನ ಬೈದಿದ್ದೀನೋ! ಆ ಬೈಗುಳನೆಲ್ಲ ನಂಗೇ ಬೈಕೊಂಡೆ."

ಕೆಟ್ಟ ಸಮಯವೂ ಆಗಿತ್ತು. ಆ ಭಾನುವಾರವೇ ಸಂಘದ ಸಭೆ. ಜಿಂಕೆಗಳು ಕೈತೋಟ ಮೇಯುತ್ತವೆ, ಸಂದು ಮುಚ್ಚಿ ಎಂದು ಹಲವರ ಒತ್ತಾಯ. ಪಟ್ಟಿಯಲ್ಲಿರುವಷ್ಟು ಜಿಂಕೆ ಇಲ್ಲವೇ ಇಲ್ಲ, ಇಲ್ಲದ್ದನ್ನು ತೋರಿಸಿ ವಂತಿಗೆ ಎತ್ತುತ್ತಾರೆ ಎಂಬ ಗುಸುಗುಸು ಬೇರೆ. ಗಂಡ ಕಾಜಾ ಹಾಕುತ್ತಲೇ ಹೇಳಿದರು: "ಒಂದು ಜಿಂಕೆ ತಾನೇ. ಭಾನುವಾರ ಕಳೀಲಿ, ಆಮೇಲೆ ಹೇಳುವಂತೆ."

"ಆಮೇಲೆ ಹೇಳಿದ್ರೆ ಅದು ತಪ್ಪಲ್ಲ, ಕಳ್ಳತನ" ಎಂದರಂತೆ ಇವರು.

ಸಭೆಯಲ್ಲಿ ಎದ್ದು ನಿಂತು ಹೇಳಿಯೇ ಬಿಟ್ಟರು. ನಲವತ್ಮೂರಲ್ಲ, ನಲವತ್ತೆರಡು. ತಪ್ಪು ನನ್ನದು. ಮೊದಲು ಎದ್ದದ್ದು ನರ್ಸಮ್ಮ. "ಅಂದ್ರೆ ಎರಡು ವರ್ಷದಿಂದ ನಾನು ಸೋಂಬೇರಿ ಅಂತ ಬೈತಿದ್ದಿದ್ದು ನನ್ನ ಜಿಂಕೇನೇನಾ?" ಸಭೆಯೆಲ್ಲ ಹೋ ಎಂದು ನಕ್ಕಿತು. ಬೇರೆ ಜಿಂಕೆ ಸಿಕ್ಕಾಗ ಕೊಡುತ್ತೇನೆ ಎಂದರೂ ಇಬ್ಬರೂ ಬಿಟ್ಟುಕೊಡಲಿಲ್ಲ. ಅದಕ್ಕೀಗ ಎರಡು ಮನೆ.

ಅಧ್ಯಕ್ಷರು ನಗಲಿಲ್ಲ. "ಒಂದು ಹೀಗಾಗಿದ್ರೆ ಉಳಿದವೂ ಹೀಗೇ ಇರಬಹುದಲ್ಲ?"

"ಇರಬಹುದು ಸಾರ್. ಬನ್ನಿ, ಜೊತೇಲಿ ಕೂತು ನೋಡಿ. ಒಂದೊಂದರದೂ ಎರಡು ಮಗ್ಗುಲು ನಿಮ್ಮ ಕಣ್ಣಾರೆ ನೋಡಿ ನೀವೇ ಗುರುತು ಹಾಕಿ. ಎರಡು ತಿಂಗಳು ಕೊಡಿ. ಒಂದು ಕಮ್ಮಿ ಬಂದ್ರೂ ಸಂದು ಮುಚ್ಚಿಸಿ, ನಾನು ಉಸಿರೆತ್ತಲ್ಲ."

ಮೊದಲ ವಾರ ಅಧ್ಯಕ್ಷರು ಬಂದದ್ದು ತಪ್ಪು ಹಿಡಿಯಲು. ಮೂರನೆಯ ವಾರ ಫ್ಲಾಸ್ಕಿನಲ್ಲಿ ಇಬ್ಬರಿಗಾಗುವಷ್ಟು ಚಹಾ ತಂದರು. ಆರನೆಯ ವಾರ ತಂತಿ ಆರಿಸಲು ಮನೆಯಿಂದ ಕೈಗವಸು ಬಂತು. ಅಷ್ಟಾದರೂ ಮಾತು ಮಾತೇ. ಕಾಣದ ಮಗ್ಗುಲಿಗೆ ಒಂದು ದಿನವೂ ಗುರುತು ಹಾಕಿಲ್ಲ; ಹಾಕಿ ಎಂದು ಟೈಲರಕ್ಕ ಕೇಳಿಯೂ ಇಲ್ಲ.

ಈಗ ಆರೂಕಾಲು. ಕೊನೆಯದಾಗಿ ಆ ಹೆಣ್ಣು ಜಿಂಕೆ ಸಂದಿನಲ್ಲಿ ಕಾಣಿಸಿಕೊಳ್ಳುತ್ತದೆ. ತೀರಾ ಅಂಜುಬುರುಕಿ. ಗೋಡೆಗೆ ಬಲ ಮಗ್ಗುಲು ಒತ್ತಿಕೊಂಡೇ ಬರುತ್ತದೆ, ನೀರು ಕುಡಿದು ಹಾಗೇ ಹಿಂದೆ ಹಿಂದೆ ಸರಿಯುತ್ತದೆ. ಟೈಲರಕ್ಕ ಕದಲುವುದಿಲ್ಲ. ಅಧ್ಯಕ್ಷರಿಗೆ ತಡೆಯಲಾಗುತ್ತಿಲ್ಲ. "ಒಂದು ಕಲ್ಲು ಆ ಕಡೆ ಎಸೀಲಾ? ತಿರುಗತ್ತೆ."

"ಬೇಡ. ಹೆದರಿಸಿ ಎಣಿಸೋದಾದ್ರೆ ಎಣಿಕೇನೇ ಬೇಡ. ಗೋಡೆ ಕಟ್ಟಿಸಿ."

ಆಗ ಗುಡ್ಡದ ಕಡೆಯಿಂದ ಅದರ ಮರಿ ಸಣ್ಣಗೆ ಕೂಗುತ್ತದೆ. ತಾಯಿ ಗಕ್ಕನೆ ತಿರುಗುತ್ತದೆ. ಎಳೆ ಬಿಸಿಲಿನಲ್ಲಿ ಬಲ ಮಗ್ಗುಲು ಪೂರ್ತಿ, ಭುಜದ ಹತ್ತಿರ ಐದು ಚುಕ್ಕೆ ಸಾಲಾಗಿ. ಆ ಐದರ ಸಾಲು ಪಟ್ಟಿಯಲ್ಲಿ ಇನ್ಯಾವ ಜಿಂಕೆಗೂ ಇಲ್ಲ. ಟೈಲರಕ್ಕನ ಪೆನ್ಸಿಲ್ ಸರಸರ ಓಡುತ್ತದೆ. ಅಧ್ಯಕ್ಷರು ನೋಟ್‌ಬುಕ್ ಇಸಿದುಕೊಂಡು ಪುಟ ಪುಟವನ್ನೂ ಮತ್ತೊಮ್ಮೆ ತಾಳೆ ನೋಡುತ್ತಾರೆ, ಕೊನೆಯ ಗುರುತು ಹಾಕುತ್ತಾರೆ, ಕೆಳಗೆ ತಮ್ಮ ಸಹಿ ಮಾಡುತ್ತಾರೆ. ಇಟ್ಟಿಗೆಯವನಿಗೆ ಅಲ್ಲೇ ಫೋನು ಹೋಗುತ್ತದೆ: ನಾಳೆ ಬರಬೇಡಪ್ಪ, ನಾಡಿದ್ದೂ ಬೇಡ.

ಫೋನು ಜೇಬಿಗಿಟ್ಟು ಅಧ್ಯಕ್ಷರು ಗಂಟಲು ಸರಿಮಾಡಿಕೊಳ್ಳುತ್ತಾರೆ. "ಟೈಲರಕ್ಕಾ, ನಂಗೂ ಒಂದು ಜಿಂಕೆ ಬರ್ಕೊಳ್ಳಿ."

"ಎಲ್ಲದಕ್ಕೂ ಮನೆ ಸಿಕ್ಕಿಬಿಟ್ಟಿದೆ ಸಾರ್. ಆ ಮರಿ ತಾಯಿ ಬಿಟ್ಟು ಓಡಾಡೋ ಹಾಗಾಗ್ಲಿ, ಎರಡು ಮಗ್ಗುಲೂ ನೋಡಿ ಹೇಳ್ತೀನಿ."

"ಅಧ್ಯಕ್ಷನಿಗೂ ಕಾಯೋದಾ?"

"ಒಂದ್ಸಲ ಇಲ್ಲದ ಜಿಂಕೇನ ಕೊಟ್ಟಿದ್ದೀನಿ" ಎನ್ನುತ್ತಾ ಟೈಲರಕ್ಕ ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿಯುತ್ತಾರೆ. "ಇನ್ನು ಈ ಕೈಯಿಂದ ಹೊಲಿದದ್ದೆಲ್ಲ ಇರೋ ಜಿಂಕೇನೇ."